ಯಾವ ಕೋನಿಗ್ಸ್‌ಬರ್ಗ್? ಮುತ್ತಜ್ಜನ ಜನನ ದಾಖಲೆಗಾಗಿ ಅಲೆದ ಕಥೆ

ಕಳೆದ ವಾರ ನನ್ನ ಗಂಡನಿಗೂ ಇಬ್ಬರು ಮಕ್ಕಳಿಗೂ ಜರ್ಮನ್ ಪೌರತ್ವದ ಪ್ರಮಾಣಪತ್ರ ಬಂತು. ವರ್ಷಗಟ್ಟಲೆ ಎಳೆದ ಕೆಲಸ. ಪತ್ರ ಬರೆದವಳು ನಾನು, ಫೋನಿನಲ್ಲಿ ಕಾದವಳು ನಾನು, ಹಳೇ ಜರ್ಮನ್ ಮೋಡಿ ಅಕ್ಷರ ಓದಲು ಕಲಿತವಳೂ ನಾನೇ. ನನಗೆ ಮಾತ್ರ ಏನೂ ಸಿಕ್ಕಿಲ್ಲ. ಜರ್ಮನ್ ಪ್ರಜೆಯ ಹೆಂಡತಿಗೆ ತಾನಾಗಿ ಪೌರತ್ವ ಬರುವ ಕಾಲ ಹೋಗಿದೆ. ನನ್ನ ಭಾರತದ ಪಾಸ್‌ಪೋರ್ಟು ಹಾಗೇ ಇದೆ, ಹಾಗೇ ಇರಲಿ ಎಂಬುದೇ ನನ್ನ ಆಸೆ ಕೂಡ. ಆದರೂ ಬರೆಯುತ್ತಿದ್ದೇನೆ. ಇಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಜರ್ಮನ್ ಮೂಲದ ಮನೆಗೆ ಸೊಸೆಯಾಗಿ, ಅಳಿಯನಾಗಿ ಹೋದ ಕನ್ನಡದವರು ಇದ್ದಾರೆ. ನಾನು ಈ ಕೆಲಸಕ್ಕೆ ಕೈಹಾಕಿದ್ದೇನೆಂದು ತಿಳಿದಾಗಿನಿಂದ ಒಬ್ಬರಲ್ಲ ಒಬ್ಬರು ಕೇಳುತ್ತಲೇ ಇದ್ದಾರೆ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಒಮ್ಮೆ ಬರೆದುಬಿಡೋಣ ಅನ್ನಿಸಿತು.

ಮೊದಲು ಕಾನೂನಿನ ಮಾತು, ನನಗೆ ಅರ್ಥವಾದಷ್ಟು. ಜರ್ಮನಿಯಲ್ಲಿ ಪೌರತ್ವ ಹುಟ್ಟಿದ ನೆಲಕ್ಕಿಂತ ಹೆಚ್ಚಾಗಿ ರಕ್ತಸಂಬಂಧದಿಂದ ಇಳಿದು ಬರುವಂಥದ್ದು. ಮುತ್ತಜ್ಜ ಜರ್ಮನ್, ಅವನು ಅಮೆರಿಕದ ಪ್ರಜೆಯಾಗುವ ಮೊದಲೇ ಅಜ್ಜ ಹುಟ್ಟಿದ್ದರೆ ಅಜ್ಜನೂ ಜರ್ಮನ್. ಹಾಗೇ ಸರಪಳಿ ಕೆಳಗಿಳಿಯುತ್ತದೆ. ನಮ್ಮ ಮನೆಯವರ ಮುತ್ತಜ್ಜ 1899ರಲ್ಲಿ ಹುಟ್ಟಿ, 1925ರಲ್ಲಿ ಹಡಗು ಹತ್ತಿ, 1934ರಲ್ಲಿ ಅಮೆರಿಕದ ಪ್ರಜೆಯಾದವರು. ಅಜ್ಜ ಹುಟ್ಟಿದ್ದು 1928ರಲ್ಲಿ. ಆ ಆರು ವರ್ಷದ ಅಂತರವೇ ನಮ್ಮನ್ನು ಕಾಪಾಡಿದ್ದು. ಮುತ್ತಜ್ಜ ಸ್ವಲ್ಪ ಚುರುಕಾಗಿ ಅರ್ಜಿ ಹಾಕಿ, ಅಜ್ಜ ಸ್ವಲ್ಪ ತಡವಾಗಿ ಹುಟ್ಟಿದ್ದರೆ ಇಷ್ಟು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ನಿಮ್ಮ ಮನೆಯ ಹಿರಿಯರು 1904ಕ್ಕಿಂತ ಹಿಂದೆಯೇ ಜರ್ಮನಿ ಬಿಟ್ಟವರಾಗಿದ್ದರೆ ಬೇರೆಯೇ ತೊಡಕಿದೆ. 1870ರ ಕಾನೂನಿನಂತೆ ಹತ್ತು ವರ್ಷ ಪರದೇಶದಲ್ಲಿದ್ದು, ಕಾನ್ಸುಲೇಟಿನ ಪಟ್ಟಿಯಲ್ಲಿ ಹೆಸರು ಬರೆಸದಿದ್ದವರ ಪೌರತ್ವ ಸಾಮಾನ್ಯವಾಗಿ ಹೋಗಿಬಿಡುತ್ತಿತ್ತು. 1914ರ ಜನವರಿ 1ರಿಂದ ಜಾರಿಗೆ ಬಂದ ಕಾನೂನು ಆ ನಿಯಮವನ್ನು ತೆಗೆಯಿತು. ಹಾಗಾಗಿ ದಾಖಲೆ ಹುಡುಕುವ ಖರ್ಚಿಗೆ ಇಳಿಯುವ ಮೊದಲು ಹಡಗಿನ ವರ್ಷ ನೋಡಿಕೊಳ್ಳಿ. ತಾಯಿಯ ಕಡೆಯಿಂದ ಸರಪಳಿ ಬರುವುದಾದರೆ ಹಿಂದೆ ಆಗುತ್ತಿರಲಿಲ್ಲ. 2021ರ ಆಗಸ್ಟ್‌ನಲ್ಲಿ ಬಂದ ತಿದ್ದುಪಡಿಯಿಂದ ಅಂಥ ಹಲವರಿಗೆ ಘೋಷಣೆಯ ಮೂಲಕ ಪಡೆಯುವ ಅವಕಾಶ ಸಿಕ್ಕಿದೆ, ಅದಕ್ಕೆ ಹತ್ತು ವರ್ಷದ ಗಡುವಿದೆ.

ಸರಪಳಿ ಸರಿಯಿದೆ ಎಂದು ಗೊತ್ತಾದ ಮೇಲೆ ಉಳಿದದ್ದು ಮುತ್ತಜ್ಜನ ಜನನ ದಾಖಲೆ. ಮಾವನವರಿಗೆ ಗೊತ್ತಿದ್ದದ್ದು ಒಂದೇ ಹೆಸರು: ಕೋನಿಗ್ಸ್‌ಬರ್ಗ್. ಅವರ ನಂಬಿಕೆಯಲ್ಲಿ ಅದು ಹಳೇ ಜರ್ಮನ್ ರಾಜ್ಯವಾದ ಪ್ರಷ್ಯಾದ ಕೋನಿಗ್ಸ್‌ಬರ್ಗ್, ತತ್ತ್ವಜ್ಞಾನಿ ಕಾಂಟ್ ಬದುಕಿದ ಊರು, ಗಣಿತಜ್ಞ ಆಯ್ಲರನ ಏಳು ಸೇತುವೆಗಳ ಲೆಕ್ಕದ ಊರು. ಎರಡನೇ ಮಹಾಯುದ್ಧದ ನಂತರ ಅದು ರಷ್ಯಾದ ಪಾಲಾಗಿ ಕಲಿನಿನ್‌ಗ್ರಾಡ್ ಆಯಿತು. ಮುತ್ತಜ್ಜನ 1934ರ ಅಮೆರಿಕನ್ ಪೌರತ್ವದ ಅರ್ಜಿಯಲ್ಲೂ ಗುಮಾಸ್ತ ಟೈಪ್ ಮಾಡಿದ್ದು ‘ಕೋನಿಗ್ಸ್‌ಬರ್ಗ್, ಪ್ರಷ್ಯಾ’ ಎಂದೇ. ಸರಕಾರಿ ಕಾಗದವೇ ಹೇಳುತ್ತಿರುವಾಗ ಅನುಮಾನ ಯಾಕೆ ಬರಬೇಕು?

ವಂಶಾವಳಿ ಹುಡುಕಿಕೊಡುವ ಒಂದು ಖಾಸಗಿ ಸಂಸ್ಥೆಗೆ ಕೆಲಸ ಒಪ್ಪಿಸಿದೆವು. ಮುಂಗಡ ತೆಗೆದುಕೊಂಡರು. ಚಳಿಗಾಲ ಕಳೆದು ಮಿಶಿಗನ್ ಸರೋವರದ ಮಂಜು ಕರಗುವ ಹೊತ್ತಿಗೆ ಒಂದು ಪುಟದ ಉತ್ತರ ಬಂತು: ಪೂರ್ವ ಪ್ರಷ್ಯಾದ ಎಷ್ಟೋ ರಿಜಿಸ್ಟರುಗಳು ಯುದ್ಧದಲ್ಲಿ ನಾಶವಾಗಿವೆ, ಉಳಿದವು ಬರ್ಲಿನ್ನಿನಲ್ಲಿವೆ, ಅಲ್ಲಿ ಈ ಹೆಸರಿಲ್ಲ. ಮುಂಗಡ ವಾಪಸ್ ಬರುವುದಿಲ್ಲ. ಮಾವ ಆ ಪತ್ರವನ್ನು ಎರಡು ಸಲ ಓದಿ ಮಡಚಿಟ್ಟರು. ಎಂಬತ್ತರ ಹತ್ತಿರ ಬರುತ್ತಿರುವವರ ಮೌನ ನೋಡಿ ನನಗೆ ಹೊಟ್ಟೆ ಉರಿಯಿತು. ಇಲ್ಲಿಂದ ಮುಂದೆ ಇದನ್ನು ನಾನೇ ನೋಡಿಕೊಳ್ಳುತ್ತೇನೆ ಎಂದೆ.

ಮೊದಲ ಎಳೆ ಸಿಕ್ಕಿದ್ದು ಗಂಡನ ಸೋದರತ್ತೆಯ ಮನೆಯಲ್ಲಿ. ಅವರು ಹಳೇ ಕಾಗದವನ್ನೆಲ್ಲ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ಅಟ್ಟಕ್ಕೆ ಏರಿಸಿದ್ದರು. ಫೋಟೊ, ವಿಮೆಯ ರಸೀದಿ, ಯಾರದೋ ಕೂದಲಿನ ಎಳೆ. ಅದರ ನಡುವೆ ಅಂಚಿಗೆ ಬಳ್ಳಿ ಚಿತ್ರವಿರುವ ಒಂದು ದಪ್ಪ ಕಾಗದ: 1913ರಲ್ಲಿ ಚರ್ಚಿನಲ್ಲಿ ನಡೆದ ದೃಢೀಕರಣದ (ಹರೆಯದ ಮಕ್ಕಳು ತಮ್ಮ ನಂಬಿಕೆಯನ್ನು ದೃಢಪಡಿಸುವ ವಿಧಿ, ಕನ್ಫರ್ಮೇಶನ್) ಪತ್ರ. ಹದಿನಾಲ್ಕು ವರ್ಷದ ಹುಡುಗನ ಹೆಸರು, ಹುಟ್ಟಿದ ದಿನ, ಊರು. ಊರಿನ ಹೆಸರಿನ ಮುಂದೆ ‘ಇನ್ ಫ್ರಾಂಕನ್’ ಎಂದಿತ್ತು, ಅಂದರೆ ಪ್ರಷ್ಯಾದ್ದಲ್ಲ, ಫ್ರಾಂಕೋನಿಯಾ ಪ್ರದೇಶದ ಬೇರೆಯೇ ಕೋನಿಗ್ಸ್‌ಬರ್ಗ್. ಅದರ ಕೆಳಗೆ ಸಣ್ಣಕ್ಷರದಲ್ಲಿ: ಸಾಕ್ಸೆನ್-ಕೋಬುರ್ಗ್ ಉಂಡ್ ಗೋಥಾ.

ಅದನ್ನು ಓದಿ ಹೇಳಿದಾಗ ಮಾವನವರು ಕುರ್ಚಿಯಿಂದ ಎದ್ದೇಬಿಟ್ಟರು. ಅದು ಇಂಗ್ಲೆಂಡಿನ ರಾಜಮನೆತನದ ಹೆಸರಲ್ಲವೇ! ಹೌದು, ವಿಕ್ಟೋರಿಯಾ ರಾಣಿಯ ಗಂಡ ಆಲ್ಬರ್ಟ್ ಹುಟ್ಟಿದ್ದು ಕೋಬುರ್ಗ್ ಹತ್ತಿರದ ರೋಸೆನೌ ಅರಮನೆಯಲ್ಲಿ, 1819ರಲ್ಲಿ. ಆ ಮನೆತನದ ಹೆಸರನ್ನೇ ಇಂಗ್ಲೆಂಡಿನವರು 1917ರಲ್ಲಿ, ಜರ್ಮನಿಯೊಂದಿಗೆ ಯುದ್ಧ ನಡೆಯುತ್ತಿದ್ದಾಗ, ಬಿಟ್ಟು ವಿಂಡ್ಸರ್ ಎಂದು ಇಟ್ಟುಕೊಂಡರು. ಒಂದು ತಿಂಗಳ ಕಾಲ ನಮ್ಮ ಮನೆಯಲ್ಲಿ ಮಾವನವರನ್ನು ಎಲ್ಲರೂ ‘ಹಿಸ್ ಹೈನೆಸ್’ ಎಂದೇ ಕರೆದರು. ಮುತ್ತಜ್ಜನ ಅಪ್ಪ ಚಕ್ಕಡಿ ಗಾಲಿ ಮಾಡುವವನಾಗಿದ್ದ ಎಂಬುದು ಆಮೇಲೆ ಗೊತ್ತಾಯಿತು.

ಇಲ್ಲಿಂದ ನಾನು ಆ ಸಣ್ಣ ಸಂಸ್ಥಾನದ ಆಡಳಿತದ ಚರಿತ್ರೆ ಓದಬೇಕಾಯಿತು. ಇಷ್ಟವಾಗಿಯಲ್ಲ, ಬೇರೆ ದಾರಿಯಿರಲಿಲ್ಲ. ಊರು ಈಗ ಎಲ್ಲಿದೆ ಎಂದು ಗೂಗಲ್ ನಕ್ಷೆ ಹೇಳುತ್ತದೆ. ನಮಗೆ ಬೇಕಾದದ್ದು ಅದಲ್ಲ. ಕಾಗದ ಹುಟ್ಟಿದ ವರ್ಷದಲ್ಲಿ ಊರು ಯಾರ ಕೈಯಲ್ಲಿತ್ತು, ಆಮೇಲೆ ಯಾರ ಕೈಗೆ ಹೋಯಿತು, ಹೋಗುವಾಗ ಕಪಾಟು ಯಾರ ಹತ್ತಿರ ಉಳಿಯಿತು ಎಂಬುದು ಬೇಕು.

ಮಧ್ಯ ಜರ್ಮನಿಯ ಈ ಡ್ಯೂಕ್ ಮನೆತನದವರಲ್ಲಿ ಹಿರಿಯ ಮಗನಿಗೇ ಎಲ್ಲ ಎಂಬ ಪದ್ಧತಿ ಬಹಳ ಕಾಲ ಇರಲಿಲ್ಲ. ಅಪ್ಪ ಸತ್ತ ಮೇಲೆ ಅಣ್ಣತಮ್ಮಂದಿರು ಜಮೀನು ಪಾಲು ಮಾಡಿಕೊಂಡ ಹಾಗೆ ಇಡೀ ರಾಜ್ಯವನ್ನೇ ಹಂಚಿಕೊಂಡರು. ಮೇಲಿನ ಗದ್ದೆ ಒಬ್ಬನಿಗೆ, ಕೆರೆ ಕೆಳಗಿನ ತುಂಡು ಇನ್ನೊಬ್ಬನಿಗೆ. ವೈಮಾರ್, ಗೋಥಾ, ಮೈನಿಂಗನ್, ಹಿಲ್ಡ್‌ಬುರ್ಗ್‌ಹೌಸನ್, ಕೋಬುರ್ಗ್, ಸಾಲ್‌ಫೆಲ್ಡ್ ಹೀಗೆ ಕವಲುಗಳು. ಒಂದು ಕವಲು ವಾರಸುದಾರರಿಲ್ಲದೆ ಮುಗಿದರೆ ಉಳಿದವರು ಕೂತು ಮತ್ತೆ ಹಂಚಿಕೆ. 1825ರಲ್ಲಿ ಗೋಥಾ ಕವಲು ಮುಗಿಯಿತು. 1826ರ ಹಂಚಿಕೆಯಲ್ಲಿ ಕೋಬುರ್ಗ್‌ನ ಡ್ಯೂಕ್ ಸಾಲ್‌ಫೆಲ್ಡನ್ನು ಮೈನಿಂಗನ್‌ಗೆ ಬಿಟ್ಟುಕೊಟ್ಟು ಗೋಥಾ ಪಡೆದ. ಜೊತೆಗೆ ಹಿಲ್ಡ್‌ಬುರ್ಗ್‌ಹೌಸನ್ ಕಡೆಯಿಂದ ಎರಡು ತುಂಡು ಅವನಿಗೆ ಬಂದವು: ಜೊನ್ನೆಫೆಲ್ಡ್ ಮತ್ತು ನಮ್ಮ ಕೋನಿಗ್ಸ್‌ಬರ್ಗ್. ಈ ಕೋನಿಗ್ಸ್‌ಬರ್ಗ್ ಕೋಬುರ್ಗ್‌ಗೆ ಅಂಟಿಕೊಂಡೇ ಇರಲಿಲ್ಲ. ಸುತ್ತ ಬವೇರಿಯಾ ಎಂಬ ದೊಡ್ಡ ಜರ್ಮನ್ ರಾಜ್ಯ, ನಡುವೆ ದ್ವೀಪದಂತೆ ಡ್ಯೂಕನ ಊರು.

ಸಣ್ಣ ಊರೆಂದು ತಾತ್ಸಾರ ಬೇಡ. 1436ರಲ್ಲಿ ರೆಜಿಯೊಮೊಂಟಾನಸ್ ಎಂಬ ಗಣಿತಜ್ಞ, ಖಗೋಳಜ್ಞ ಹುಟ್ಟಿದ ಊರದು. ಡ್ಯೂಕನ ಆಡಳಿತದಲ್ಲೂ ಅದಕ್ಕೆ ಸ್ವಲ್ಪ ಗತ್ತಿತ್ತು. ಕೋಬುರ್ಗ್ ಭಾಗದಲ್ಲಿ 1868ರಲ್ಲಿ ಜಿಲ್ಲಾ ಕಚೇರಿ ಬಂದಾಗ ಕೋಬುರ್ಗ್, ನಾಯ್‌ಸ್ಟಾಟ್, ರೋಡಾಖ್, ಕೋನಿಗ್ಸ್‌ಬರ್ಗ್ ಈ ನಾಲ್ಕು ಪಟ್ಟಣಗಳನ್ನು ಅದರ ಕೈಕೆಳಗೆ ಹಾಕಲಿಲ್ಲ. ಅವು ನೇರವಾಗಿ ಮಂತ್ರಾಲಯಕ್ಕೆ ವರದಿ ಒಪ್ಪಿಸುತ್ತಿದ್ದವು. ಹುಡುಕುವವರಿಗೆ ಇದರ ಉಪಯೋಗ ಏನೆಂದರೆ, ಈ ಪಟ್ಟಣಗಳ ದಿನನಿತ್ಯದ ವ್ಯವಹಾರದ ಕಾಗದಕ್ಕೆ ಮೊದಲು ಕದ ತಟ್ಟಬೇಕಾದದ್ದು ಪಟ್ಟಣದ್ದೇ ಆಡಳಿತವನ್ನು, ಜಿಲ್ಲೆಯನ್ನಲ್ಲ.

ಇನ್ನೊಂದು ವಿಚಿತ್ರ: ಕೋಬುರ್ಗ್ ಮತ್ತು ಗೋಥಾ ಎರಡಕ್ಕೂ ಡ್ಯೂಕ್ ಒಬ್ಬನೇ, ಆದರೆ ಅವು ಪೂರ್ತಿ ಒಂದಾಗಲೇ ಇಲ್ಲ. 1852ರಲ್ಲಿ ಎರಡಕ್ಕೂ ಸೇರಿ ಒಂದು ಸಂವಿಧಾನ ಬಂದ ಮೇಲೂ ಎರಡರ ಶಾಸನಸಭೆ ಬೇರೆ ಬೇರೆಯಾಗಿಯೇ ಉಳಿದವು. 1918ರ ನವೆಂಬರಿನಲ್ಲಿ ಡ್ಯೂಕ್ ಕಾರ್ಲ್ ಎಡ್ವರ್ಡ್ ಪಟ್ಟ ಬಿಟ್ಟಾಗ ಎರಡೂ ತಮ್ಮ ತಮ್ಮ ದಾರಿ ಹಿಡಿದವು. ಸುತ್ತಲಿನ ಸಣ್ಣ ರಾಜ್ಯಗಳೆಲ್ಲ ಸೇರಿ ಟ್ಯುರಿಂಗಿಯಾ ಎಂಬ ಹೊಸ ರಾಜ್ಯ ಮಾಡಲು ಹೊರಟಿದ್ದವು. ಗೋಥಾ ಅದಕ್ಕೆ ಸೇರಿತು. ಕೋಬುರ್ಗ್‌ನಲ್ಲಿ ಜನರನ್ನೇ ಕೇಳಿದರು. 1919ರ ನವೆಂಬರ್ 30ರ ಮತದಾನದಲ್ಲಿ ಶೇ. 88ರಷ್ಟು ಜನ ಟ್ಯುರಿಂಗಿಯಾ ಬೇಡ ಎಂದರು. ಯುದ್ಧ ಮುಗಿದು ಊಟಕ್ಕೇ ಕಷ್ಟವಿದ್ದ ಕಾಲ. ಹೊಲಗದ್ದೆಯ ಬವೇರಿಯಾದಿಂದ ಧಾನ್ಯ ಬರುತ್ತದೆ ಎಂಬ ಆಸೆ ಅದರಲ್ಲಿತ್ತು. 1920ರ ಫೆಬ್ರುವರಿ 14ರಂದು ಒಪ್ಪಂದ, ಜುಲೈ 1ರಂದು ವಿಲೀನ. ಅಂದಿನಿಂದ ಕೋಬುರ್ಗ್ ಬವೇರಿಯಾದ್ದು. ಒಪ್ಪಂದದಲ್ಲಿ ತಮ್ಮ ನಾಟಕಶಾಲೆಯಂಥವನ್ನೂ ಉಳಿಸಿಕೊಂಡರು, ಜಾಣರು.

ಆ ಮತದಾನದ ಬೆಲೆ ತಿಳಿದದ್ದು 1945ರಲ್ಲಿ. ಟ್ಯುರಿಂಗಿಯಾ ಸೋವಿಯತ್ ವಲಯಕ್ಕೆ ಹೋಯಿತು, ಬವೇರಿಯಾ ಅಮೆರಿಕನ್ ವಲಯಕ್ಕೆ. ಧಾನ್ಯದ ಲೆಕ್ಕದಲ್ಲಿ ಹಾಕಿದ ಮತ ಕೋಬುರ್ಗ್‌ನವರನ್ನು ನಲವತ್ತೈದು ವರ್ಷದ ಮುಳ್ಳುಬೇಲಿಯ ಈಚೆ ಇಟ್ಟಿತು. ಮುತ್ತಜ್ಜ ಅಷ್ಟರಲ್ಲಿ ಮಿಲ್ವಾಕಿಗೆ ಬಂದು ಇಪ್ಪತ್ತು ವರ್ಷವಾಗಿತ್ತು. 1919ರಲ್ಲಿ ಅವರಿಗೆ ಇಪ್ಪತ್ತು ವಯಸ್ಸು. ಮತ ಹಾಕಿದ್ದರೋ, ಹಾಕಿದ್ದರೆ ಯಾವ ಕಡೆಗೋ ಎಂದು ಕೇಳಲು ಯಾರೂ ಉಳಿದಿಲ್ಲ.

ಕೋನಿಗ್ಸ್‌ಬರ್ಗ್‌ಗೆ ಬವೇರಿಯಾ ಸೇರಿದ ಮೇಲೆ ಇನ್ನೊಂದು ಬದಲಾವಣೆ. ಭೂಗೋಳದ ಪ್ರಕಾರ ಅದು ಕೆಳ ಫ್ರಾಂಕೋನಿಯಾದ ನಡುವೆ ಇತ್ತು, ಕೋಬುರ್ಗ್ ಹೋದದ್ದು ಮೇಲಿನ ಫ್ರಾಂಕೋನಿಯಾಕ್ಕೆ. ಹೀಗೆ ಶತಮಾನದ ಜೊತೆಗಾರ ಊರುಗಳು ಬೇರೆ ಬೇರೆ ವಿಭಾಗಕ್ಕೆ ಸೇರಿದವು. 1970ರ ದಶಕದ ಸುಧಾರಣೆಯಲ್ಲಿ ಸುತ್ತಲಿನ ಹಳ್ಳಿಗಳು ಪಟ್ಟಣದೊಳಗೆ ಸೇರಿಕೊಂಡವು; ಜಿಲ್ಲೆ ಈಗ ಹಾಸ್‌ಬೆರ್ಗೆ. ಊರಿನ ಹೆಸರೂ ‘ಫ್ರಾಂಕನ್’ ಬಿಟ್ಟು ‘ಇನ್ ಬಯರ್ನ್’, ಅಂದರೆ ಬವೇರಿಯಾದ ಕೋನಿಗ್ಸ್‌ಬರ್ಗ್ ಆಗಿದೆ. ಆದ್ದರಿಂದ ಡ್ಯೂಕನ ಕಾಲದ ಸರಕಾರಿ ಕಡತ ಬೇಕಾದರೆ ಕೋಬುರ್ಗ್‌ನ ರಾಜ್ಯ ಪತ್ರಾಗಾರ. ಬವೇರಿಯಾದ ಕಾಲದ್ದಾದರೆ ವ್ಯುರ್ಟ್ಸ್‌ಬುರ್ಗ್‌ನದು. ಚರ್ಚಿನ ಹಳೇ ಪುಸ್ತಕಗಳ ಜಾಡು ಇನ್ನೂ ಬೇರೆ: ಕೋಬುರ್ಗ್‌ನ ಪ್ರಾಟೆಸ್ಟಂಟ್ ಚರ್ಚು 1921ರಲ್ಲಿ ಬವೇರಿಯಾದ ಲುಥೆರನ್ ಚರ್ಚಿನೊಂದಿಗೆ ಸೇರಿತು, ಅದರ ಪತ್ರಾಗಾರ ನ್ಯೂರೆಂಬರ್ಗ್‌ನಲ್ಲಿದೆ. ಒಂದೇ ಮನುಷ್ಯನ ಬಗ್ಗೆ ಕೇಳಲು ಎಷ್ಟು ಊರು ನೋಡಿ.

ನಮಗೆ ಅದೃಷ್ಟವಶಾತ್ ಇವೆಲ್ಲದರ ಅಗತ್ಯ ಬೀಳಲಿಲ್ಲ. ಜರ್ಮನ್ ಸಾಮ್ರಾಜ್ಯದಾದ್ಯಂತ 1876ರ ಜನವರಿ 1ರಿಂದ ಜನನ, ಮದುವೆ, ಮರಣಗಳನ್ನು ಸರಕಾರಿ ನೋಂದಣಿ ಕಚೇರಿಯೇ ಬರೆದುಕೊಳ್ಳುತ್ತದೆ. ಅದಕ್ಕೆ ಸ್ಟಾಂಡೆಸಾಮ್ಟ್ ಎನ್ನುತ್ತಾರೆ. ಅದಕ್ಕೂ ಹಿಂದಿನದಾದರೆ ಮಾತ್ರ ಚರ್ಚು. ನಿಮ್ಮ ಊರು ಯಾವ ಸ್ಟಾಂಡೆಸಾಮ್ಟ್‌ಗೆ ಸೇರಿತ್ತು ಎಂದು ತಿಳಿಯಲು ‘ಮೇಯರ್ಸ್’ ಎಂದು ಕರೆಯುವ 1912ರ ಊರುಗಳ ಕೋಶ ಇದೆ, ಅಂತರಜಾಲದಲ್ಲಿ ಉಚಿತ. ಸಾಮ್ರಾಜ್ಯದ ಹಳ್ಳಿ ಪಟ್ಟಣಗಳೆಲ್ಲ ಅದರಲ್ಲಿವೆ; ಯಾವ ರಾಜ್ಯ, ಯಾವ ನ್ಯಾಯಾಲಯ, ಯಾವ ನೋಂದಣಿ ಕಚೇರಿ ಎಂದು ಒಂದೊಂದು ಊರಿಗೂ ಕೊಟ್ಟಿದ್ದಾರೆ. ಮುತ್ತಜ್ಜಿಯ ಊರು ನಾಯ್‌ಸ್ಟಾಟ್ ಎಂದು ಹಡಗಿನ ಪಟ್ಟಿಯಲ್ಲಿತ್ತು. ಕೋಶದಲ್ಲಿ ನಾಯ್‌ಸ್ಟಾಟ್ ಹುಡುಕಿದರೆ ಪುಟ ಮುಗಿಯುವುದೇ ಇಲ್ಲ, ನಮ್ಮಲ್ಲಿ ಹೊಸಹಳ್ಳಿ, ಹೊಸೂರು ಇರುವಷ್ಟು. ರಾಜ್ಯದ ಹೆಸರು ಕೋಬುರ್ಗ್-ಗೋಥಾ ಎಂದು ಇರುವುದನ್ನು ಮಾತ್ರ ಆರಿಸಿದಾಗ ಒಂದೇ ಉಳಿಯಿತು: ಗೊಂಬೆ, ಆಟಿಕೆ ತಯಾರಿಸುತ್ತಿದ್ದ ಪಟ್ಟಣ, ಈಗಿನ ನಾಯ್‌ಸ್ಟಾಟ್ ಬೈ ಕೋಬುರ್ಗ್. ಮುತ್ತಜ್ಜಿ ಗೊಂಬೆಗಳಿಗೆ ಬಟ್ಟೆ ಹೊಲಿಯುತ್ತಿದ್ದಳು ಎಂದು ಸೋದರತ್ತೆ ಹೇಳಿದ್ದು ಆಗ ಕೂಡಿ ಬಂತು.

ಇನ್ನು ದಾಖಲೆ ಎಲ್ಲಿ ಸಿಗುತ್ತದೆ ಎಂಬ ಮಾತು. 2009ರಿಂದ ಜರ್ಮನಿಯಲ್ಲಿ ಜನನ ರಿಜಿಸ್ಟರು 110 ವರ್ಷ, ಮದುವೆಯದು 80 ವರ್ಷ, ಮರಣದ್ದು 30 ವರ್ಷ ನೋಂದಣಿ ಕಚೇರಿಯಲ್ಲಿರುತ್ತದೆ, ಆಮೇಲೆ ಪತ್ರಾಗಾರಕ್ಕೆ ಹೋಗುತ್ತದೆ. ಬವೇರಿಯಾದಲ್ಲಿ ಅದು ಸಾಮಾನ್ಯವಾಗಿ ಆಯಾ ಊರಿನದೇ ಪತ್ರಾಗಾರ. ಹೀಗಾಗಿ 1899ರ ಜನನವೂ 1924ರ ಮದುವೆಯೂ ನೋಂದಣಿ ಕಚೇರಿಯ ಕೈದಾಟಿ ಹೋಗಿದ್ದವು. ಇದರಲ್ಲೊಂದು ಲಾಭವಿದೆ: ಪತ್ರಾಗಾರಕ್ಕೆ ಹೋದ ಮೇಲೆ ನೀವು ನೇರ ವಂಶಸ್ಥರು ಎಂದು ಸಾಬೀತು ಮಾಡುವ ರಗಳೆ ಇರುವುದಿಲ್ಲ. ಒಂದು ನಷ್ಟವೂ ಇದೆ: ಸಣ್ಣ ಊರಿನ ಪತ್ರಾಗಾರ ಎಂದರೆ ವಾರದಲ್ಲಿ ಕೆಲವೇ ಗಂಟೆ ಬರುವ ಒಬ್ಬ ಮನುಷ್ಯ.

ಜರ್ಮನ್ ಭಾಷೆಯಲ್ಲೇ ಬರೆಯಿರಿ, ಚಿಕ್ಕದಾಗಿ ಬರೆಯಿರಿ. ಹೆಸರು, ಹುಟ್ಟಿದ ದಿನ, ತಂದೆತಾಯಿ ಗೊತ್ತಿದ್ದರೆ ಅವರ ಹೆಸರು, ಧರ್ಮ, ಯಾಕೆ ಬೇಕು, ಅಂಚೆ ವಿಳಾಸ. ಕುಟುಂಬದ ಕಥೆ ಬೇಡ. ಮುಖ್ಯವಾಗಿ ರಿಜಿಸ್ಟರಿನ ಇಡೀ ಪುಟದ ದೃಢೀಕೃತ ಪ್ರತಿ ಕೇಳಿ, ಈಗ ಟೈಪ್ ಮಾಡಿಕೊಡುವ ಚುಟುಕು ಪ್ರಮಾಣಪತ್ರವಲ್ಲ. ಹಳೇ ಪುಟದ ಅಂಚಿನಲ್ಲಿ ಆಮೇಲೆ ಬರೆದ ಟಿಪ್ಪಣಿಗಳಿರುತ್ತವೆ. ಎಷ್ಟೋ ಸಲ ಅಲ್ಲೇ ಉತ್ತರ ಇರುತ್ತದೆ.

ಕೋನಿಗ್ಸ್‌ಬರ್ಗ್, ನಾಯ್‌ಸ್ಟಾಟ್ ಎರಡಕ್ಕೂ ಬರೆದೆ. ಒಂದು ಕಡೆಯಿಂದ ಬೇಗ ಉತ್ತರ ಬಂತು. ಇನ್ನೊಂದು ಕಡೆಯಿಂದ ಬರಲೇ ಇಲ್ಲ. ಮಿಂಚಂಚೆ, ಮತ್ತೆ ಮಿಂಚಂಚೆ, ಕೊನೆಗೆ ಬೆಳಗಿನ ಜಾವ ಎರಡಕ್ಕೆ ಅಲಾರಂ ಇಟ್ಟುಕೊಂಡು ಫೋನು. ಅಲ್ಲಿ ಆಗ ಒಂಬತ್ತು. ನನ್ನ ಒಡಕು ಜರ್ಮನ್ ಕೇಳಿ ಆ ಕಡೆಯ ಹೆಂಗಸು ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ ಹೇಳಿದರು: ನಿಮ್ಮ ಪತ್ರ ಸಿಕ್ಕಿದೆ, ನೀವು ಹೇಳಿದ ವರ್ಷದಲ್ಲಿ ಹುಡುಕಿದ್ದೇವೆ, ಸಿಕ್ಕಿದೆ, ಶುಲ್ಕ ಬಂದ ಮೇಲೆ ಕಳಿಸುತ್ತೇವೆ, ಬಿಲ್ಲು ಕಳಿಸಿದ್ದೆವಲ್ಲ. ಬಿಲ್ಲು ನಮಗೆ ತಲುಪಿರಲೇ ಇಲ್ಲ. ಫೋನಿಟ್ಟು ಅಡುಗೆಮನೆಯ ಕತ್ತಲಲ್ಲೇ ಸ್ವಲ್ಪ ಹೊತ್ತು ಅತ್ತೆ. ‘ಸಿಕ್ಕಿದೆ’ ಎಂಬ ಮಾತು ಕೇಳಿ ಅಷ್ಟು ಕಾಲವಾಗಿತ್ತು.

ಶುಲ್ಕ ಕಟ್ಟುವುದೇ ಒಂದು ಪ್ರಹಸನ. ಕೇಳಿದ ಮೊತ್ತ ಇಪ್ಪತ್ತು ಯೂರೋ ಆಸುಪಾಸು. ಕಾರ್ಡ್ ನಡೆಯುವುದಿಲ್ಲ, ಚೆಕ್ ನಡೆಯುವುದಿಲ್ಲ, ಬ್ಯಾಂಕ್ ಖಾತೆಗೆ ಹಾಕಿ ಎನ್ನುತ್ತಾರೆ. ಇಲ್ಲಿನ ಬ್ಯಾಂಕು ಹೊರದೇಶಕ್ಕೆ ಹಣ ಕಳಿಸಲು ಕೇಳುವ ಕಮಿಷನ್ ಆ ಶುಲ್ಕಕ್ಕಿಂತ ಹೆಚ್ಚು. ಹಣ ವರ್ಗಾವಣೆಯ ಆ್ಯಪ್ ಬಳಸಿದರೆ ಕಡಿಮೆಯಲ್ಲಿ ಆಗುತ್ತದೆ. ಆದರೆ ಬಿಲ್ಲಿನ ಮೇಲಿನ ಉಲ್ಲೇಖ ಸಂಖ್ಯೆಯನ್ನು ಷರಾದಲ್ಲಿ ತಪ್ಪದೆ ಹಾಕಿ. ಇಲ್ಲದಿದ್ದರೆ ಪುರಸಭೆಯ ಖಜಾನೆಗೆ ಯಾರದೋ ಇಪ್ಪತ್ತು ಯೂರೋ ಬಂದಿರುತ್ತದೆ, ಪತ್ರಾಗಾರದವರಿಗೆ ಸುದ್ದಿಯೇ ಇರುವುದಿಲ್ಲ.

ಪ್ರತಿ ಬಂದಾಗ ಮಾವನವರನ್ನು ಕೂರಿಸಿಕೊಂಡು ಓದಿದೆ. ಅಚ್ಚಾದ ನಮೂನೆ, ನಡುನಡುವೆ ಶಾಯಿಯ ಬರಹ. ಕುರೆಂಟ್ ಎಂಬ ಆ ಲಿಪಿಯಲ್ಲಿ ‘ಎನ್’ ‘ಇ’ ‘ಯು’ ಎಲ್ಲವೂ ಒಂದೇ ಥರದ ಗೀಟು. ‘ಯು’ ತಲೆಯ ಮೇಲೆ ಒಂದು ಕೊಂಕಿ ಇಲ್ಲದಿದ್ದರೆ ದೇವರೇ ಗತಿ. ವರ್ಣಮಾಲೆಯ ಚಾರ್ಟ್ ಮುಂದಿಟ್ಟುಕೊಂಡು ಕೆಲವು ವಾರ ಅಭ್ಯಾಸ ಮಾಡಿದರೆ ಇಂಥ ನಮೂನೆ ಓದಬಹುದು, ಎಲ್ಲೆಲ್ಲಿ ಏನಿರುತ್ತದೆಂದು ಮೊದಲೇ ಗೊತ್ತಿರುವುದರಿಂದ. ಚರ್ಚಿನ ಪುಸ್ತಕಕ್ಕೆ ಮಾತ್ರ ಗೊತ್ತಿದ್ದವರ ಸಹಾಯ ಬೇಕು. ಪುಟದಲ್ಲಿ ಮುತ್ತಜ್ಜನ ಅಪ್ಪನ ಕಸುಬು, ಧರ್ಮ, ಮನೆ, ಮಗು ಹುಟ್ಟಿದ ಹೊತ್ತು, ಕೆಳಗೆ ಅಪ್ಪನ ಸಹಿ. ಮಾವ ಆ ಸಹಿಯ ಮೇಲೆ ಬೆರಳಾಡಿಸಿ, ತಮ್ಮ ಸಹಿಯ ‘ಎಚ್’ ಕೂಡ ಹೀಗೇ ಇದೆ ಎಂದರು. ನನಗೇನೂ ಹಾಗೆ ಕಾಣಲಿಲ್ಲ, ಸುಮ್ಮನಿದ್ದೆ.

ನಾಯ್‌ಸ್ಟಾಟ್‌ನ ಪಾಲು ಸಲೀಸಾಗಿ ಮುಗಿಯಿತು. ಆ ಪಟ್ಟಣದ ಪಕ್ಕದಲ್ಲೇ ಜೋನೆಬರ್ಗ್ ಎಂಬ ಇನ್ನೊಂದು ಆಟಿಕೆ ಪಟ್ಟಣವಿದೆ. ಒಂದೇ ಕಸುಬು, ಒಂದೇ ಮಾತು, ನೆಂಟಸ್ತಿಕೆ ಬೇರೆ. ಆದರೆ ಜೋನೆಬರ್ಗ್ ಮೈನಿಂಗನ್ ಡ್ಯೂಕನದು; 1920ರಲ್ಲಿ ಟ್ಯುರಿಂಗಿಯಾಕ್ಕೆ, 1949ರಲ್ಲಿ ಪೂರ್ವ ಜರ್ಮನಿಗೆ. ಮುತ್ತಜ್ಜಿಯ ಅಕ್ಕನನ್ನು ಅಲ್ಲಿಗೆ ಕೊಟ್ಟಿದ್ದರು. ಯುದ್ಧದ ನಂತರ ಅವಳ ಪತ್ರಗಳು ನಿಂತವಂತೆ. ನಮ್ಮ ಅರ್ಜಿಗೆ ಅದು ಬೇಡದ ವಿಷಯ, ಆದರೆ ಹುಡುಕುವಾಗ ಇಂಥವು ಎದುರಾಗುತ್ತವೆ, ಒಂದು ದಿನ ಕೆಲಸ ನಿಲ್ಲಿಸಿಬಿಡುತ್ತವೆ.

ನಾಯ್‌ಸ್ಟಾಟ್‌ನಿಂದ ಮದುವೆಯ ಪುಟದ ಜೊತೆಗೆ ಕೇಳದೇ ಇದ್ದ ಒಂದು ವರವೂ ಬಂತು: ನಿವಾಸಿಗಳ ನೋಂದಣಿ ಚೀಟಿ. ಹೆಸರು, ಕಸುಬು, ಬಾಡಿಗೆ ಮನೆಯ ವಿಳಾಸ, ಪ್ರಜಾತ್ವದ ಕಲಮಿನಲ್ಲಿ ‘ಬವೇರಿಯಾ’ ಎಂಬುದರ ಮೊಟಕು ರೂಪ, ಕೊನೆಗೆ 1925ರಲ್ಲಿ ಅಮೆರಿಕಕ್ಕೆ ಹೊರಟ ಟಿಪ್ಪಣಿ. ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ: ಜರ್ಮನಿಯಲ್ಲಿ ಹುಟ್ಟಿದ್ದೇ ಜರ್ಮನ್ ಪ್ರಜೆ ಎಂಬುದಕ್ಕೆ ಪೂರ್ಣ ಸಾಕ್ಷಿಯಲ್ಲ. ಹಳೇ ಪಾಸ್‌ಪೋರ್ಟೋ ಇಂಥ ನೋಂದಣಿ ಚೀಟಿಯೋ ಇದ್ದರೆ ಅರ್ಜಿಗೆ ಬಲ.

ಆದರೆ ಈಗ ನನ್ನ ಮೇಜಿನ ಮೇಲೆ ಮೂರು ಕಾಗದ, ಮೂರು ದೇಶ. ಜನನದ ಪುಟದ ಪ್ರಕಾರ ಈ ಮನುಷ್ಯ ಹುಟ್ಟಿದ್ದು ಡ್ಯೂಕನ ಕೋಬುರ್ಗ್-ಗೋಥಾದಲ್ಲಿ. ನೋಂದಣಿ ಚೀಟಿಯ ಪ್ರಕಾರ ಬವೇರಿಯಾದವನು. ಅಮೆರಿಕದ ಅರ್ಜಿಯ ಪ್ರಕಾರ ಪ್ರಷ್ಯಾದಲ್ಲಿ ಹುಟ್ಟಿದವನು. ಹೆಸರು ಬೇರೆ ಯೋಹಾನ್ ಹೋಗಿ ಜಾನ್ ಆಗಿತ್ತು. ಕಡತ ನೋಡುವವರಿಗೆ ಇವರೆಲ್ಲ ಒಬ್ಬನೇ ಎಂದು ಯಾಕೆ ಅನ್ನಿಸಬೇಕು?

ಮೊದಲಿನ ಎರಡರ ಉತ್ತರ ಚರಿತ್ರೆಯಲ್ಲೇ ಇತ್ತು. ಆ ಕಾಲದಲ್ಲಿ ಮೊದಲು ರಾಜ್ಯದ ಪ್ರಜೆ, ಅದರ ಮೂಲಕ ಜರ್ಮನಿಯ ಪ್ರಜೆ. ರಾಜ್ಯಗಳ ಪ್ರಜಾತ್ವವನ್ನು ರದ್ದು ಮಾಡಿ ಒಂದೇ ಜರ್ಮನ್ ಪ್ರಜಾತ್ವ ಎಂದದ್ದು 1934ರ ಫೆಬ್ರುವರಿ 5ರ ಆದೇಶ. ಕೋಬುರ್ಗ್ ಬವೇರಿಯಾ ಸೇರಿದಾಗ ಕೋಬುರ್ಗ್‌ನ ಪ್ರಜೆಗಳು ಬವೇರಿಯಾದ ಪ್ರಜೆಗಳಾದರು. ಮುತ್ತಜ್ಜ ಊರು ಬಿಟ್ಟು ಕದಲದೆ ದೇಶ ಬದಲಾಯಿಸಿದ್ದರು. ಮೂರನೆಯದಕ್ಕೆ ಅರ್ಥವೇ ಇಲ್ಲ. ಅಮೆರಿಕದ ಗುಮಾಸ್ತನಿಗೆ ಗೊತ್ತಿದ್ದ ಕೋನಿಗ್ಸ್‌ಬರ್ಗ್ ಒಂದೇ ಇದ್ದಿರಬೇಕು. ಇವನ್ನೆಲ್ಲ ಒಂದೇ ಪುಟದ ಪತ್ರದಲ್ಲಿ ಬರೆದೆ. ಎಡಕ್ಕೆ ವರ್ಷ, ಬಲಕ್ಕೆ ಊರು ಯಾರದು. ಕೆಳಗೆ, ಮೂರೂ ಕಾಗದದಲ್ಲಿ ಹುಟ್ಟಿದ ದಿನವೂ, ಎರಡರಲ್ಲಿ ಹೆಂಡತಿಯ ಹೆಸರೂ ಮದುವೆಯ ದಿನವೂ ಒಂದೇ ಎಂದು ತೋರಿಸಿದೆ. ಅರ್ಜಿಯ ಜೊತೆಗಿನ ಪೂರ್ವಜರ ನಮೂನೆಯಲ್ಲಿ ಹುಟ್ಟಿದ ಊರಿನ ಕಲಮಿಗೆ ಈಗಿನ ಹೆಸರನ್ನೂ ಆಗಿನ ರಾಜ್ಯವನ್ನೂ ಎರಡನ್ನೂ ಬರೆದೆ. ನಿಮ್ಮ ಊರು ಕೈ ಬದಲಿಸಿದ್ದಾದರೆ ನೀವೂ ಹಾಗೇ ಮಾಡಿ. ಕಡತ ಒಳಗೆ ಹೋದ ಮೇಲೆ ಈ ವಿಷಯದಲ್ಲಿ ನಮಗೆ ಒಂದು ಪ್ರಶ್ನೆಯೂ ಬರಲಿಲ್ಲ.

ಅಮೆರಿಕದ ಕಾಗದಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಜ್ಜ, ಮಾವ, ಗಂಡ, ಮಕ್ಕಳು ಎಲ್ಲರ ಜನನ ಪತ್ರ, ಎಲ್ಲರ ಮದುವೆ ಪತ್ರ. ತಂದೆತಾಯಿಯ ಹೆಸರಿರುವ ಉದ್ದ ನಮೂನೆಯದ್ದೇ ಬೇಕು. ಮುತ್ತಜ್ಜನ ಪೌರತ್ವದ ಅರ್ಜಿ ಸಿಕ್ಕಿದ್ದು ರಾಷ್ಟ್ರೀಯ ಪತ್ರಾಗಾರದಲ್ಲಿ. ಇಂಗ್ಲಿಷ್ ಕಾಗದಕ್ಕೆ ನಮ್ಮಲ್ಲಿ ಅನುವಾದ ಕೇಳಲಿಲ್ಲ. ಮೂಲ ಕಳಿಸಬೇಡಿ, ಕಾನ್ಸುಲೇಟಿನಲ್ಲಿ ಪ್ರತಿಗಳನ್ನು ದೃಢೀಕರಿಸಿ ಕಳಿಸಿ.

ಷಿಕಾಗೋ ಕಾನ್ಸುಲೇಟಿನಿಂದ ಕಡತ ಕಲೋನ್‌ನಲ್ಲಿರುವ ಕೇಂದ್ರ ಆಡಳಿತ ಕಚೇರಿಗೆ ಹೋಯಿತು. ಹೊರದೇಶದಲ್ಲಿರುವವರ ಅರ್ಜಿಗಳು ಸೇರುವುದು ಅಲ್ಲಿಗೆ. ಒಂದು ಸಂಖ್ಯೆ ಬರುತ್ತದೆ, ಆಮೇಲೆ ಮೌನ. ಎರಡು ವರ್ಷ ದಾಟುವುದು ಸಾಮಾನ್ಯ ಎಂದು ಎಲ್ಲರೂ ಹೇಳಿದ್ದರು, ಆದರೂ ಮನಸ್ಸು ಕೇಳಬೇಕಲ್ಲ. ಈ ನಡುವೆ ಮಾವನವರಿಗೆ ಹೃದಯದ ಶಸ್ತ್ರಚಿಕಿತ್ಸೆಯಾಯಿತು. ಪ್ರಜ್ಞೆ ಬಂದ ಮೇಲೆ ಕೇಳಿದ್ದು, ಕಲೋನ್‌ನಿಂದ ಏನಾದರೂ ಬಂತಾ ಎಂದು. ಅವರದೂ ಅರ್ಜಿ ಹಾಕೋಣ ಎಂದಿದ್ದೆ. ತಮಗೇನೂ ಬೇಡ, ಕಾಗದ ಸರಿಯಿದೆ ಎಂದು ಕಲೋನ್‌ನವರು ಒಪ್ಪಿದರೆ ಸಾಕು ಎಂದರು.

ಖರ್ಚಿನ ಲೆಕ್ಕ ಕೇಳುವವರಿಗೆ: ಪ್ರಮಾಣಪತ್ರದ ಶುಲ್ಕ 51 ಯೂರೋ, ಅದು ಏನೂ ಅಲ್ಲ. ಹಣ ಹೋಗುವುದು ಅಮೆರಿಕದ ದೃಢೀಕೃತ ಪ್ರತಿಗಳಿಗೆ, ಷಿಕಾಗೋ ಪ್ರಯಾಣಕ್ಕೆ, ಟಪಾಲಿಗೆ. ನಮ್ಮ ಎಲ್ಲ ಖರ್ಚಿನಲ್ಲಿ ದೊಡ್ಡ ಮೊತ್ತ ಆ ಖಾಸಗಿ ಸಂಸ್ಥೆಗೆ ಕೊಟ್ಟ ಮುಂಗಡವೇ. ಮುಂಗಡ ಕೊಡುವ ಮೊದಲು ಅವರನ್ನು ಒಂದೇ ಒಂದು ಪ್ರಶ್ನೆ ಕೇಳಿ: ಈ ಹೆಸರಿನ ಊರು ಎಷ್ಟಿವೆ, ಅದರಲ್ಲಿ ಇದನ್ನೇ ಯಾಕೆ ಆರಿಸಿದಿರಿ? ಪ್ರಷ್ಯಾದ್ದಲ್ಲದೆ, ಈಗ ಪೋಲೆಂಡಿನಲ್ಲೊಂದು, ಚೆಕ್ ದೇಶದಲ್ಲೊಂದು ಹಳೇ ಕೋನಿಗ್ಸ್‌ಬರ್ಗ್ ಇದೆ.

ನಿಮ್ಮವರು ಇದೇ ಡ್ಯೂಕನ ಗೋಥಾ ಕಡೆಯವರಾದರೆ ನಾನು ಹೇಳಿದ ಬವೇರಿಯಾದ ವಿಳಾಸಗಳು ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿನ ಸರಕಾರಿ ಕಡತ ಟ್ಯುರಿಂಗಿಯಾದವರ ಗೋಥಾ ಪತ್ರಾಗಾರದಲ್ಲಿ ಹುಡುಕಬೇಕು. ರೂಲಾ ಎಂಬ ಪಟ್ಟಣದವರಾದರೆ ಇನ್ನೂ ತಮಾಷೆ. ಊರ ನಡುವಿನ ಹೊಳೆಯ ಒಂದು ದಡ ಗೋಥಾದ್ದು, ಇನ್ನೊಂದು ದಡ ವೈಮಾರ್‌ನದು. ಟ್ಯುರಿಂಗಿಯಾ ಹುಟ್ಟಿದ ಮೇಲಷ್ಟೇ ಊರು ಒಂದಾಯಿತು. ಯಾವ ದಡ ಎಂದು ತಿಳಿದುಕೊಂಡೇ ಪತ್ರ ಬರೆಯಿರಿ.

ನಮ್ಮ ಮನೆಯಲ್ಲಿ ಈಗ ಮಕ್ಕಳ ಪಾಸ್‌ಪೋರ್ಟಿನ ಸರದಿ. ಅಲ್ಲಿ ಹೊಸ ತೊಡಕು ಎದ್ದಿದೆ, ಈ ಸಲ ನನ್ನಿಂದ. ಮದುವೆಯಾದ ಮೇಲೂ ನಾನು ಹೆಸರು ಬದಲಿಸಲಿಲ್ಲ, ನನ್ನ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಕಲಮೇ ಖಾಲಿ. ತಂದೆತಾಯಿಗೆ ಸಮಾನ ಮನೆಹೆಸರು ಇಲ್ಲದಿದ್ದರೆ ಮಕ್ಕಳ ಹೆಸರಿಗೆ ಜರ್ಮನ್ ಕಾನೂನಿನಂತೆ ಬೇರೆ ಘೋಷಣೆ ಬೇಕಂತೆ, ಅದಕ್ಕೆ ನನ್ನ ಜನನ ಪ್ರಮಾಣಪತ್ರ ಬೇಕಂತೆ. ನನ್ನ ಹತ್ತಿರ ಇರುವುದು ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಸಾಗರದಲ್ಲಿರುವ ತಮ್ಮನಿಗೆ ನಿನ್ನೆ ಫೋನ್ ಮಾಡಿದೆ. ಸೋಮವಾರ ನಗರಸಭೆಗೆ ಹೋಗಿ ವಿಚಾರಿಸುತ್ತೇನೆ ಅಂದಿದ್ದಾನೆ.